ಕಲ್ಬಾವಿಯ ಆಚೇದು

ಬೆಳಗ್ಗೆಯಿಂದ ಪೆರಿಝಾತಳಿಗೆ ಯಾವುದೂ ಸರಿಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳ ಮಡಿಲಲ್ಲಿ ಎರಡು ಮಕ್ಕಳಿದ್ದವು. ಇವಳಿಗೆ ಎಷ್ಟಾಗಿ ಎಷ್ಟು ಉಳಿದವೋ ಎಂದು ಮನಸ್ಸು ತನ್ನ ಪಾಡಿಗೆ ತಾನು ಭಾಗಾಕಾರ ಶುರುಮಾಡಿತು. ಥೂ, ಎಂಥ ಹಾಳು ಚಾಳಿ ಎಂದು ಬೈದುಕೊಂಡು ಕಿಟಕಿಯ ಕಡೆ ತಿರುಗಿದರೆ ಅಲ್ಲಿ ನುಕುಸ್ ಪಟ್ಟಣದ ಧೂಳು, ಒಣಗಿಹೋದ ಸಮುದ್ರದ ತಳದಿಂದ ಎದ್ದು ಬಂದ ಉಪ್ಪು ಧೂಳು, ಗಾಜಿಗೆ ಬಡಿಯುತ್ತಿತ್ತು. ಹತ್ತು ವರ್ಷದ ಲೆಕ್ಕದ ಕೆಲಸ ಅವಳನ್ನು ಹೀಗೆ ಮಾಡಿಟ್ಟಿತ್ತು. ಹೆಂಗಸರು ಅವಳಿಗೆ ಹೆಂಗಸರಾಗಿ ಕಾಣುವ ಮೊದಲೇ ಪಾಲುಗಳಾಗಿ ಕಾಣುತ್ತಿದ್ದರು, ಐದರಲ್ಲಿ ಒಂದು, ನಾಲ್ಕರಲ್ಲಿ ಎರಡು. ತನ್ನದು ಮೂರರಲ್ಲಿ ಎರಡು. ಮೂರು ಸಲ ಬಸುರಾಗಿ ಎರಡನ್ನು ಕಳೆದುಕೊಂಡವಳು ಅವಳು. ಮೂರನೆಯದು, ಮಗಳು, ಗಂಡನ ಊರು ಶೊರ್‌ಕೊಲ್ ಬಿಟ್ಟು ಪಟ್ಟಣಕ್ಕೆ ಬಂದ ಮೇಲೆ ಹುಟ್ಟಿದ್ದು. ಯಾರಾದರೂ ಹೊಸಬರು ಎಷ್ಟು ಮಕ್ಕಳು ಎಂದು ಕೇಳಿದರೆ ಒಂದೇ ಎನ್ನುತ್ತಿದ್ದಳು. ಹಾಗೆಂದ ದಿನವೆಲ್ಲ ಸುಳ್ಳು ಹೇಳಿದವಳ ಹಾಗೆ ಮುಖ ತಗ್ಗಿಸಿಕೊಂಡು ಓಡಾಡುತ್ತಿದ್ದಳು.

ಸಂಸ್ಥೆಯಲ್ಲಿ ಅವಳ ಕೋಣೆ ಮೂರನೇ ಮಹಡಿಯ ತುದಿಯದು. ಒಂದು ಮೇಜು, ಒಂದು ಕಂಪ್ಯೂಟರು, ನೀರು ಕಾಯಿಸುವ ಕೆಟಲು, ಕಿಟಕಿಯಲ್ಲಿ ಹೂವಿನ ಕುಂಡ, ಗೋಡೆಗೆ ಒತ್ತಿ ನಿಂತ ಕಬ್ಬಿಣದ ಬೀರು. ಬೀರುವಿನಲ್ಲಿ ನಾನೂರ ಹನ್ನೆರಡು ಫಾರ್ಮುಗಳು. ಒಂಬತ್ತು ಊರು, ಇಪ್ಪತ್ತಮೂರು ಬಾವಿ, ನಾನೂರ ಹನ್ನೆರಡು ಹೆಂಗಸರು. ಪ್ರತಿ ಬಾವಿಯ ನೀರಿನಲ್ಲೂ ಏಳು ಬಗೆಯ ವಿಷ: ಸೀಸ, ಪಾಷಾಣ, ಹಿಂದೆ ಹತ್ತಿಗೆ ಹೊಡೆದ ಔಷಧಿಗಳ ಉಳಿಕೆ, ಹೀಗೆ. ಯಾವ ವಿಷವೂ ತನ್ನಷ್ಟಕ್ಕೆ ಮಿತಿ ಮೀರಿದ್ದಲ್ಲ. ಬಿಡಿಬಿಡಿಯಾಗಿ ಹಿಡಿದು ಕೇಳಿದರೆ ಏಳೂ ಸಾಧುಗಳೇ, ನಾನಲ್ಲ ನಾನಲ್ಲ ಅನ್ನುತ್ತವೆ. ಕೂಡಿಕೊಂಡಾಗ ಏನು ಮಾಡುತ್ತವೆ, ಮಾಡಿದ್ದರಲ್ಲಿ ಯಾವುದರ ಕೈ ಎಷ್ಟು ಎಂದು ತೂಗಿ ಹೇಳುವುದು ಪೆರಿಝಾತಳ ಕೆಲಸ. ಒಂದು ಕಡೆ ಬಾವಿಯ ನೀರು, ಇನ್ನೊಂದು ಕಡೆ ಆ ನೀರು ಕುಡಿದವರು ಹೊತ್ತ ಬಸಿರುಗಳಲ್ಲಿ ಎಷ್ಟು ಪಾಲು ಮಣ್ಣುಪಾಲಾಯಿತು ಎಂಬ ಲೆಕ್ಕ. ಇದು ಒಬ್ಬಳ ಕಥೆ ಹೇಳುವ ಲೆಕ್ಕವಲ್ಲ. ಊರೂರಿಗೆ ಹೋದಾಗ ತಾಯಂದಿರು ಸೆರಗು ಹಿಡಿದು ಕೇಳಿದರೆ ಅವಳು ಅದನ್ನೇ ಹೇಳುತ್ತಿದ್ದಳು, ನೋಡಮ್ಮಾ, ಪಾಲು ಅನ್ನೋದು ನೂರು ಜನರ ಮಾತು, ಒಬ್ಬಳ ವಿಷಯ ಅದು ಏನೂ ಹೇಳಲ್ಲ. ಅವರು ತಲೆಯಾಡಿಸಿ ಹೋಗುತ್ತಿದ್ದರು. ಹೋದ ವರ್ಷ ಅವಳ ಲೆಕ್ಕದ ಮೇಲೆಯೇ ಮೂರು ಬಾವಿಗಳಿಗೆ ಸಿಮೆಂಟು ಹಾಕಿ ಮುಚ್ಚಿದ್ದರು. ಅದರಲ್ಲಿ ಶೊರ್‌ಕೊಲ್ ಊರಿನ ಕಲ್ಬಾವಿಯೂ ಒಂದು. ಅದೇ ಊರಿನ ಇನ್ನೊಂದು ಬಾವಿ, ಅವಳ ಮಾವ ತೋಡಿಸಿದ್ದು, ಒಳ್ಳೆಯದು ಎಂದು ಬಂದಿತ್ತು. ಇವತ್ತು ನಾಲ್ಕು ಗಂಟೆಗೆ ಸಭೆ. ಅದೇ ತೂಕಗಳನ್ನು ಹಿಡಿದು ಇನ್ನೂ ಹನ್ನೊಂದು ಊರುಗಳಲ್ಲಿ ಯಾವ ಬಾವಿ ಮುಚ್ಚಬೇಕು, ಯಾವುದು ಇರಬೇಕು ಎಂದು ತೀರ್ಮಾನವಾಗುವುದಿತ್ತು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟದೆಯೇ ತೆರೆದುಕೊಂಡಿತು. ಓರಗಿತ್ತಿ ತಾಝಗುಲ್, ಒಂದು ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನು, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಹಿಂದೆ ಅವಳ ಸೊಸೆ ಸರ್ಬಿನಾಝ್, ಐದು ತಿಂಗಳ ಬಸುರಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ. ಆಸ್ಪತ್ರೆಗೆ ತೋರಿಸಲು ಬಂದವರು.

"ಏನೇ ಪೆರಿಝಾತ್, ಕಡ್ಡಿ ಆಗಿದ್ದೀಯಲ್ಲೇ! ಇಲ್ಲಿ ಅಂಕಿ ತಿಂದ್ಕೊಂಡೇ ಬದುಕ್ತೀಯಾ ಹೆಂಗೆ?"

"ಬನ್ನಿ ಅಕ್ಕ, ಕೂತ್ಕೊಳ್ಳಿ. ಡಾಕ್ಟ್ರು ಏನಂದ್ರು?"

"ಎಲ್ಲಾ ಚೆನ್ನಾಗಿದೆಯಂತೆ. ರಕ್ತ ಕಮ್ಮಿಯಂತೆ. ನಮ್ಮೂರಲ್ಲಿ ಯಾವಳಿಗೆ ಜಾಸ್ತಿ ಇದೆ ಹೇಳು, ಹೋಗಿ ನೋಡ್ಕೊಂಡು ಬರೋಣ." ತಾಝಗುಲ್ ಕೆಟಲಿನಲ್ಲಿದ್ದ ನಲ್ಲಿ ನೀರನ್ನು ಬಗ್ಗಿ ನೋಡಿ, ಮೂತಿ ತಿರುವಿ, ಕೈತೊಳೆಯುವ ತೊಟ್ಟಿಗೆ ಸುರಿದುಬಿಟ್ಟಳು. "ಇದ್ರಲ್ಲಿ ಚಾ ಮಾಡ್ತಾರಾ? ತಗೋ, ಹಿರಿಯರ ನೀರು ತಂದಿದೀನಿ. ನೀನೇ ಪಾಸು ಮಾಡಿದ್ದಲ್ಲವೇನೇ! ಕಲ್ಬಾವಿ ಕಡೆಯೋರು ಈಗ ತಲೆ ತಗ್ಗಿಸ್ಕೊಂಡು ನಮ್ಮ ಬಾವೀಗೆ ಬರ್ತಾರೆ ಕಣೇ. ಮೊದ್ಲು ಏನು ಜಂಬ ಇತ್ತು ಅವ್ರಿಗೆ! ನಾನಂತೂ ದಿನಾ ಅಂತೀನಿ, ಹಿರಿಯರು ಸತ್ತು ಹದಿನೆಂಟು ವರ್ಷ ಆದ್ರೂ ಊರಿಗೆ ನೀರು ಕುಡಿಸ್ತಾ ಇದಾರೆ ಅಂತ."

ಚಹಾ ಆಯಿತು. ಹಾಲು ಬೆರೆಸಿ, ಅರ್ಧ ಅರ್ಧ ಬಟ್ಟಲು. ತುಂಬಾ ತುಂಬಿಸಿದರೆ ಬೇಗ ಎದ್ದು ಹೋಗಿ ಅಂದ ಹಾಗೆ. ಅರ್ಧ ಹಾಕಿ ಮತ್ತೆ ಮತ್ತೆ ಹಾಕಬೇಕು. ಹುಡುಗಿ ತಲೆ ಎತ್ತದೆ ಕುಡಿಯುತ್ತಿದ್ದಳು. ಬಟ್ಟಲು ಕೆಳಗಿಟ್ಟರೆ ಅತ್ತೆ ಮತ್ತೆ ಹಾಕುತ್ತಿದ್ದಳು. ಈ ರುಚಿ ಪೆರಿಝಾತಳ ನಾಲಿಗೆಗೆ ಗೊತ್ತಿತ್ತು, ತುಸು ಉಪ್ಪು, ತುಸು ಕಬ್ಬಿಣ. ಅವಳು ಮದುವೆಯಾಗಿ ಆ ಮನೆಗೆ ಬಂದ ವರ್ಷ ಮಾವ ಆ ಬಾವಿ ತೋಡಿಸಿದ್ದು. ಮೂವರು ಸೊಸೆಯರು ಚಳಿಯಲ್ಲಿ ಕಲ್ಬಾವಿಯವರೆಗೆ ನಡೆಯುವುದು ಬೇಡ ಎಂದು ತಾವೇ ಗುದ್ದಲಿ ಹಿಡಿದು ಇಳಿದಿದ್ದರು. ನೀರು ಬಂದ ದಿನ ಮೊದಲ ಲೋಟ ತಾವು ಕುಡಿದು, ಎರಡನೆಯದನ್ನು ಎಲ್ಲರಿಗಿಂತ ಕಿರಿಯವಳಾದ ಇವಳ ಕೈಗೆ ಕೊಟ್ಟರು. ಕುಡಿ ಮಗಳೇ, ನಿನಗೇ ತೋಡಿದ್ದು ಅಂದರು. ಅವಳ ತಂದೆಯೂ ಅವಳನ್ನು ಹಾಗೆ ಮಗಳೇ ಅಂದವರಲ್ಲ. ಆಗ ಅವಳು ಎರಡು ತಿಂಗಳ ಬಸುರಿ.

"ಮನೆ ಕಲ್ಬಾವಿ ಹತ್ರಾನೇ ಕಟ್ಕೊಂಡ್ರಿ," ಎಂದು ಪೆರಿಝಾತ್ ಹುಡುಗಿಯನ್ನು ಸುಮ್ಮನೆ ಮಾತಿಗೆ ಕೇಳಿದಳು, "ಈಗ ಅದನ್ನ ಮುಚ್ಚಿದ ಮೇಲೆ ನಿನಗೆ ನೀರಿಗೆ ದೂರ ಆಯ್ತೇನೋ ಅಲ್ವಾ?"

"ಇಲ್ಲ ಚಿಕ್ಕತ್ತೆ. ನಾನು ಬಂದಾಗಿಂದ ಅದ್ರ ನೀರು ಮುಟ್ಟೇ ಇಲ್ಲ. ಅತ್ತೆ ಬೇಡ ಅಂದಿದ್ರು."

"ಮತ್ತೆ ಯಾವುದು ಕುಡೀತಿದ್ದೆ?"

ಹುಡುಗಿ ಅತ್ತೆಯ ಮುಖ ನೋಡಿದಳು. ಕಿವಿಯವರೆಗೂ ಕೆಂಪಾದಳು. "ಅದೇ ಚಿಕ್ಕತ್ತೆ... ಕಲ್ಬಾವಿಯ ಆಚೇದು," ಅಂದು ಕೈಯನ್ನು ಗೋಡೆಯ ಕಡೆ ಚಾಚಿದಳು.

ಪೆರಿಝಾತ್ ಎತ್ತಿದ ಬಟ್ಟಲನ್ನು ಕೆಳಗಿಟ್ಟಳು. ಇಂಥ ಸಣ್ಣ ಮಾತಿಗೆ ಯಾಕೆ ಎಂದು ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆ ಬಾವಿಗೆ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಆ ಕುಲಕ್ಕೆ ಮದುವೆಯಾಗಿ ಬಂದ ಯಾವ ಹೆಂಗಸೂ ಹೇಳುವಂತಿಲ್ಲ, ಸತ್ತ ಮೇಲೂ ಹೇಳುವಂತಿಲ್ಲ. ಊರ ಗಂಡಸರು, ಊರಲ್ಲೇ ಹುಟ್ಟಿದ ಹೆಣ್ಣುಮಕ್ಕಳು ಅದನ್ನು ಹೆಸರಿಟ್ಟು ಕರೆಯುತ್ತಾರೆ; ಸೊಸೆಯರು ಕಲ್ಬಾವಿಯ ಆಚೇದು ಎಂದು ಕೈ ತೋರಿಸುತ್ತಾರೆ. ಇದೇನು ಹೊಸ ಮಾತಲ್ಲ. ಆದರೆ ಅವಳ ಕಂಪ್ಯೂಟರಿನಲ್ಲಿ, ಶೊರ್‌ಕೊಲ್, ವಯಸ್ಸು ಇಪ್ಪತ್ತೆರಡು, ಒಂದರಲ್ಲಿ ಒಂದು ಎಂದಿದ್ದ ಹೆಂಗಸಿನ ಮುಂದೆ ಬರೆದದ್ದು ಕಲ್ಬಾವಿ. ಆ ಸಾಲು ಯಾರದೆಂದು ಹೆಸರಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಮನೆ ಅಲ್ಲೇ ತಾನೆ, ಸರಿಯೇ ಇದೆ ಎಂದುಕೊಂಡು ಮುಂದೆ ಹೋಗಿದ್ದಳು. ಅವಳು ಎದ್ದು ಬೀರುವಿನ ಬಾಗಿಲು ತೆಗೆದಳು. ಎಳೆಯುವ ಅವಸರಕ್ಕೆ ಒಂದು ಕಟ್ಟು ಕೆಳಗೆ ಬಿತ್ತು. "ಏನಾಯ್ತೇ?" ಅಂದಳು ತಾಝಗುಲ್. "ಏನಿಲ್ಲ ಅಕ್ಕ, ನೀವು ಕುಡೀರಿ," ಅಂದಳು. ಹಾಗೆ ಅಂದದ್ದು ಆಮೇಲೆ ಬಹಳ ದಿನ ಅವಳನ್ನು ಚುಚ್ಚುತ್ತಲೇ ಇತ್ತು.

ಫಾರ್ಮುಗಳನ್ನು ತುಂಬಿಸಿದವನು ತಾಷ್ಕೆಂಟಿನಿಂದ ಬಂದ ಶವ್ಕತ್ ಎಂಬ ಡಾಕ್ಟರು. ಬಲು ಅಚ್ಚುಕಟ್ಟಿನ ಮನುಷ್ಯ, ಈ ಕಡೆಯ ಸೊಸೆಯರ ಕಟ್ಟಳೆ ಅವನಿಗೇನು ಗೊತ್ತು? ಅವರು ಕಲ್ಬಾವಿ ಅಂದಕೂಡಲೇ ಕಲ್ಬಾವಿಯ ಮುಂದೆ ಗುರುತು ಹಾಕಿದ್ದ. ಆದರೂ ಅಚ್ಚುಕಟ್ಟಿನವನಲ್ಲವೆ, ಕೇಳಿದ್ದನ್ನು ಬಿಡದೆ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ 'ಆಚೆ' ಎಂದು ಬರೆದಿದ್ದ. ಒಂದರಲ್ಲಿ ಆಚೆ. ಇನ್ನೊಂದರಲ್ಲಿ ಆಚೆ. ಮತ್ತೊಂದರಲ್ಲಿ. ಅಂಚಿನ ಈ ಪದವನ್ನು ಅವಳು ಮೊದಲೇ ನೋಡಿದ್ದಳು, ಮನೆ ಇರುವ ದಿಕ್ಕಿರಬೇಕು ಎಂದುಕೊಂಡು ಬಿಟ್ಟಿದ್ದಳು. ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಜಾಗ ಮಾಡದೆ ಬಿಟ್ಟವಳೂ ಅವಳೇ. ಶೊರ್‌ಕೊಲ್ ಕಟ್ಟಿನಲ್ಲಿ ಇಂಥವು ಮೂವತ್ತೆಂಟು ಸಿಕ್ಕವು. ಎಲ್ಲಕ್ಕಿಂತ ಕೆಳಗೆ ಮೊದಲನೇ ನಂಬರಿನ ಫಾರ್ಮು. ಅದು ಅವಳದೇ. ಪ್ರಶ್ನೆಗಳು ಸರಿಯಿವೆಯೋ ನೋಡೋಣ ಎಂದು ಶವ್ಕತ್ ಇದೇ ಕೋಣೆಯಲ್ಲಿ ಅವಳನ್ನೇ ಕೂರಿಸಿಕೊಂಡು ಕೇಳಿದ್ದ. ಬಸಿರು ಮೂರು, ಉಳಿದದ್ದು ಒಂದು. ಆ ಊರಲ್ಲಿದ್ದಾಗ ಕುಡಿದ ನೀರು, ಕಲ್ಬಾವಿ. ಅಂಚಿನಲ್ಲಿ, ಆಚೆ. ಪ್ರಶ್ನೆ ಬರೆದವಳು ಅವಳು, ಉತ್ತರ ಹೇಳಿದವಳು ಅವಳು. ಇಷ್ಟು ಓದಿದವಳ ನಾಲಿಗೆಯೂ ಆವತ್ತು ಸೊಸೆಯ ನಾಲಿಗೆಯಾಗಿಯೇ ಹೊರಳಿತ್ತು, ಹೊರಳಿದ್ದು ಅವಳಿಗೆ ತಿಳಿದಿರಲೂ ಇಲ್ಲ.

ತಾಝಗುಲ್ ಬೆನ್ನ ಹಿಂದೆ ಊರ ಸುದ್ದಿ ಹೇಳುತ್ತಲೇ ಇದ್ದಳು, ಯಾರ ಒಂಟೆ ಕಳೆದುಹೋಯಿತು, ಯಾರ ಮಗಳು ಓಡಿಹೋದಳು. ಪೆರಿಝಾತ್ ಹ್ಞೂಂ ಹ್ಞೂಂ ಎನ್ನುತ್ತಾ ಮೂವತ್ತೆಂಟು ಕಡೆ ಹದಿಮೂರನ್ನು ಹದಿನಾಲ್ಕು ಮಾಡಿದಳು. ಕಂಪ್ಯೂಟರಿಗೆ ಬಾವಿಯ ಹೆಸರು ಬೇಕಾಗಿಲ್ಲ, ಕಲ್ಬಾವಿ ಹದಿಮೂರನೇ ಬಾವಿ, ಮಾವನದು ಹದಿನಾಲ್ಕನೇ ಬಾವಿ. ಹಾಗಾಗಿಯೇ ಈ ಬಾವಿಗಳ ಲೆಕ್ಕ ಹಿಡಿದ ಎರಡು ವರ್ಷ ಆ ಹೆಸರನ್ನು ಅವಳು ಒಂದು ಸಲ ಬರೆಯಬೇಕಾಗಿಯೂ ಬಂದಿರಲಿಲ್ಲ. ಲೆಕ್ಕ ಮತ್ತೆ ಓಡಿತು. ಹಳೆಯ ತೂಕಗಳು ಒಂದೊಂದಾಗಿ ಜಾರಿದವು. ಕಲ್ಬಾವಿಯಲ್ಲಿ ಹೆಚ್ಚಿದ್ದ ವಿಷಗಳು ಹಗುರಾದವು, ಮಾವನ ಬಾವಿಯಲ್ಲಿ ಚೂರು ಚೂರೇ ಇದ್ದ ಸೀಸ, ಪಾಷಾಣ, ಹತ್ತಿಯ ಔಷಧಿ ಮೂರೂ ಕೈ ಕೈ ಹಿಡಿದುಕೊಂಡು ಮೇಲೆದ್ದವು. ಒಳ್ಳೆಯ ನೀರನ್ನು ಮುಚ್ಚಿಸಿ ಕೆಟ್ಟ ನೀರಿಗೆ ಇಡೀ ಊರನ್ನು ಕಳಿಸಿದ್ದಳು ಅವಳು. ಒಂದು ವರ್ಷ. ಎಷ್ಟು ಬಸುರಿಯರು? ಹೋದ ವರ್ಷ ಮೊದಲ ಲೆಕ್ಕ ಬಂದ ಸಂಜೆ ಅವಳು ಇದೇ ಕುರ್ಚಿಯಲ್ಲಿ ಕೂತು ಅತ್ತಿದ್ದಳು, ಸಂತೋಷಕ್ಕೆ. ಮಕ್ಕಳನ್ನು ತೆಗೆದದ್ದು ಮಾವನ ನೀರಲ್ಲ, ಕುಡಿ ಮಗಳೇ ಅಂದ ಆ ಕೈಯಲ್ಲ. ಅದು ಎಷ್ಟು ಬೇಕಾಗಿತ್ತು ಅವಳಿಗೆ ಎಂದರೆ ಮರಳಿ ಪರೀಕ್ಷಿಸುವ ಮನಸ್ಸೇ ಆಗಿರಲಿಲ್ಲ. ನೀರಲ್ಲದಿದ್ದರೆ ಇನ್ನೇನು? ಅತ್ತೆ ಅಂದದ್ದೇ ಉಳಿಯಿತು. ಬಸುರಿಯಾಗಿದ್ದಾಗ ಕುದುರೆ ಕಟ್ಟಿದ ಹಗ್ಗ ದಾಟಿದಳು, ಪುಸ್ತಕದ ಮೇಲೆ ಬಗ್ಗಿ ಬಗ್ಗಿ ಹೊಟ್ಟೆ ಒತ್ತಿದಳು, ತಾನೇ ಮಕ್ಕಳನ್ನು ನುಂಗಿಕೊಂಡಳು. ಆ ಮಾತನ್ನು ಅವಳು ಒಪ್ಪಿಕೊಂಡಿದ್ದಳು. ಓದಿದವಳು, ನಗುತ್ತಾ, ಮೂಢನಂಬಿಕೆ ಎನ್ನುತ್ತಾ, ಒಳಗೊಳಗೇ ಒಪ್ಪಿಕೊಂಡು ಇಪ್ಪತ್ತೈದು ವರ್ಷ ಹೊತ್ತಿದ್ದಳು. ಎರಡನೆಯ ಬಸಿರಿಗೆ ಏಳು ತಿಂಗಳಾಗಿತ್ತು, ಗಂಡು. ಮಾವನೇ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಗುಡ್ಡದ ಕಡೆ ಹೋದರು. ತಿರುಗಿ ಬಂದವರು ಮಾತಾಡದೆ, ಸುಸ್ತಾಗಿದ್ದೀಯ ಎಂದು ಒಂದು ಲೋಟ ನೀರು ತಂದು ಕೊಟ್ಟರು.

ಮೂರು ಗಂಟೆಗೆ ಅವಳು ಹಾಳೆ ಹಿಡಿದುಕೊಂಡು ನಿರ್ದೇಶಕ ಬೈನಿಯಾಜರ ಕೋಣೆಗೆ ಹೋದಳು. ಸಂಸ್ಥೆಯಲ್ಲಿ ಎಲ್ಲರಿಗೂ ಅವರು ಅಗಾ, ಹಿರಿಯಣ್ಣ. ಸಭೆಗೆಂದು ಹೊಸ ಟೈ ಕಟ್ಟಿಕೊಳ್ಳುತ್ತಿದ್ದರು.

"ಅಗಾ, ಶೊರ್‌ಕೊಲ್ ಲೆಕ್ಕ ತಪ್ಪಾಗಿದೆ. ಬಾವಿ ಅದಲು ಬದಲಾಗಿದೆ. ನನ್ನದೇ ತಪ್ಪು. ಬೇರೆ ಊರಲ್ಲೂ ಆಗಿರಬಹುದು, ಹತ್ತು ಬಾವಿಗೆ ಹಿರಿಯರ ಹೆಸರಿದೆ."

ಅವರು ಹಾಳೆ ನೋಡಿದರು. ದಡ್ಡರಲ್ಲ, ಒಂದೇ ನೋಟಕ್ಕೆ ಅರ್ಥವಾಯಿತು. ಬಾಗಿಲು ಹಾಕಿ ಬಂದರು. "ನೋಡು ಪೆರಿಝಾತ್, ಹಾವೂ ಸಾಯಬೇಕು, ಕೋಲೂ ಮುರೀಬಾರದು. ಒಂದು ಅಡಿಟಿಪ್ಪಣಿ ಹಾಕೋಣ. ಮಾಹಿತಿಯಲ್ಲಿ ಕೊಂಚ ಅನಿಶ್ಚಿತತೆ ಇದೆ ಅಂತ. ಮುಂದಿನ ವರ್ಷ ಮತ್ತೆ ಅಳತೆ ಮಾಡಿಸೋಣ."

"ಮುಂದಿನ ವರ್ಷದ ತನಕ ಅವರು ಕುಡೀತಾರೆ, ಅಗಾ."

"ಹೋದ ವರ್ಷ ಕುಡೀರಿ ಅಂದವಳು ಯಾರಮ್ಮಾ? ನಾನಾ? ಸಹಿ ಯಾರದ್ದು?"

"ನನ್ನದು. ಅದಕ್ಕೇ ಸಭೇಲಿ ನಾನೇ ಎದ್ದು ಹೇಳ್ತೀನಿ."

ಬೈನಿಯಾಜ್ ನಕ್ಕರು. ಕೆಟ್ಟ ನಗುವಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು. ಮಗುವನ್ನು ನೋಡಿ ನಗುವ ಹಾಗೆ ನಕ್ಕರು. "ಏನಂತ ಹೇಳ್ತೀಯಾ? ಯಾವ ಬಾವಿ ಅಂತ? ಸಭೇಲಿ ಹದಿನಾಲ್ಕು ಅಂದ್ರೆ ಯಾರಿಗಮ್ಮಾ ಗೊತ್ತಾಗತ್ತೆ? ಹೆಸರು ಹೇಳ್ಬೇಕು. ಹೇಳು, ಇಲ್ಲೇ ಹೇಳು ನೋಡೋಣ. ನಾನೊಬ್ಬನೇ ಇರೋದು."

ಅವಳು ಬಾಯಿ ತೆರೆದಳು. ಕಣ್ಣ ಮುಂದೆ ಗುದ್ದಲಿ ಹಿಡಿದ ಕೈ, ಬಿಳಿ ಬಟ್ಟೆಯ ಗಂಟು, ನೀರಿನ ಲೋಟ. ಅವರು ಗಡಿಯಾರ ನೋಡಿಕೊಂಡರು, ಮತ್ತೆ ಅವಳನ್ನು ನೋಡಿದರು. ನಾಲ್ವತ್ತೇಳು ವರ್ಷದ ಹೆಂಗಸು, ಇಷ್ಟು ದೊಡ್ಡ ಲೆಕ್ಕಗಳನ್ನು ಮಾಡಿದವಳು, ಪಾಠ ಮರೆತ ಹುಡುಗಿಯ ಹಾಗೆ ಬಾಯಿ ಕಳೆದುಕೊಂಡು ನಿಂತಿದ್ದಳು. "ಹೋಗು, ಚಾ ಕುಡಿ. ನೆಂಟರು ಬಂದಿದಾರಂತೆ," ಅಂದರು ಅವರು ಮೆಲ್ಲಗೆ, ಮತ್ತೆ ಟೈ ಸರಿಮಾಡಿಕೊಂಡರು.

ಅವಳು ಹಾಳೆ ಮಡಿಸಿಕೊಂಡು ಕಾರಿಡಾರಿಗೆ ಬಂದಳು. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಹೇಳಬೇಕಾದಾಗ ಹೇಳದೆ ಇರುವುದು ಅವಳಿಗೆ ಹೊಸದೇ? ಅತ್ತೆ ಹಗ್ಗದ ಮಾತೆತ್ತಿದಾಗ ಹೇಳಲಿಲ್ಲ, ಗಂಡ ಮುಖ ತಿರುಗಿಸಿಕೊಂಡು ಮಲಗಿದಾಗ ಹೇಳಲಿಲ್ಲ. ಸುಮ್ಮನಿದ್ದರೆ ಒಳ್ಳೆಯ ಸೊಸೆ ಎನ್ನುತ್ತಾರೆ. ಅಡಿಟಿಪ್ಪಣಿ ಹಾಕಿದರೆ ಸಾಕೇನೋ, ಊರಿಗೆ ಫೋನು ಮಾಡಿ ನೀರು ಕಾಯಿಸಿ ಕುಡೀರಿ ಅಂದರೆ ಸಾಕೇನೋ. ಸೀಸ ಕಾಯಿಸಿದರೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬಾಗಿಲು ತೆಗೆದಾಗ ತಾಝಗುಲ್ ಎರಡನೇ ಸಲ ಕೆಟಲು ತುಂಬಿಸಿದ್ದಳು. "ಕುಡಿಯೇ, ಇನ್ನೊಂಚೂರು," ಎಂದು ಸೊಸೆಯ ಬಟ್ಟಲಿಗೆ ಬಗ್ಗಿಸುತ್ತಿದ್ದಳು. "ಹೋದ ಸಲ ಸಂಜೆ ಹೊತ್ತು ಬರಿತಲೇಲಿ ನೀರಿಗೆ ಹೋದ್ಲು, ಕಳ್ಕೊಂಡ್ಲು. ಈ ಸಲ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಿದೀನಿ. ಹಿರಿಯರ ನೀರು ಬಿಟ್ರೆ ಇನ್ನೊಂದು ಹನಿ ಬಾಯಿಗೆ ಹಾಕ್ಸಲ್ಲ." ಹುಡುಗಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು.

"ಕುಡೀಬೇಡ!"

ಇಬ್ಬರೂ ಬೆಚ್ಚಿದರು. ಬಟ್ಟಲು ಗಾಳಿಯಲ್ಲೇ ನಿಂತಿತು.

"ಏನೇ ಆಯ್ತು ನಿನಗೆ? ಯಾವುದು ಕುಡೀಬಾರದು?" ಅಂದಳು ತಾಝಗುಲ್.

"ಆಚೇದು ಕೆಟ್ಟ ನೀರು ಅಕ್ಕ. ಕಲ್ಬಾವಿಯದು ಅಲ್ಲ."

"ಹುಚ್ಚು ಹಿಡೀತೇನೇ? ಕಲ್ಬಾವಿ ಕೆಟ್ಟದ್ದು, ನೀನೇ ಮುಚ್ಚಿಸಿದ್ದು. ಯಾವ ಆಚೇದು? ಅದರ ಆಚೆ ಈಗ ಗೋರಿ ಹತ್ರ ಹೊಸ ಪಂಪು ಬೇರೆ ಇದೆ, ಅದಾ?"

"ಅಲ್ಲ."

"ಮತ್ತೆ ಯಾವುದೇ? ಸರಿಯಾಗಿ ಹೇಳಬಾರದಾ?"

"ಎರಿಂಬೆತ್," ಅಂದಳು ಪೆರಿಝಾತ್. ಧ್ವನಿ ಒಡೆಯಿತು. ಮತ್ತೆ ಅಂದಳು, ಜೋರಾಗಿ, ಕಾರಿಡಾರಿಗೆ ಕೇಳುವ ಹಾಗೆ. "ಎರಿಂಬೆತ್ ಬಾವಿ. ಎರಿಂಬೆತ್ ತೋಡಿದ ಬಾವಿ."

ತಾಝಗುಲ್ ಎರಡೂ ಕಿವಿ ಮುಚ್ಚಿಕೊಂಡಳು. "ಅಯ್ಯೋ, ನಿನ್ನ ಬಾಯಿ ಬಿದ್ದುಹೋಗ! ಹೆತ್ತ ತಂದೆ ಹಾಗೆ ನೋಡ್ಕೊಂಡ್ರಲ್ಲೇ ನಿನ್ನ!"

"ಹೌದು ಅಕ್ಕ. ಅವರು ನನ್ನ ಮಗಳೇ ಅಂದ್ರು. ಅವರಿಗೂ ಗೊತ್ತಿರಲಿಲ್ಲ." ಅವಳು ಅಳುತ್ತಿದ್ದಳು, ಅಳುತ್ತಲೇ ಫಾರ್ಮುಗಳ ಕಟ್ಟನ್ನು ತೋಳಿಗೆ ತೆಗೆದುಕೊಂಡಳು. "ನನ್ನ ಎರಡೂ ಅದೇ ನೀರು ಕುಡಿದಾಗ ಹೋದವು. ನಿಮ್ಮದೂ ಒಂದು ಹೋಯ್ತಲ್ಲ, ಹಿರಿಯವನಿಗಿಂತ ಮುಂಚೆ? ಊರಲ್ಲಿ ಮೂವತ್ತೆಂಟು ಜನ ಆಚೇದು ಆಚೇದು ಅಂದ್ರು, ನಾನು ಕಲ್ಬಾವಿ ಅಂತ ಬರ್ಕೊಂಡೆ. ನಾನೇ ಅಕ್ಕ. ಬೇರೆ ಯಾರೂ ಅಲ್ಲ."

ತಾಝಗುಲಳ ಕೈಗಳು ಕಿವಿಯಿಂದ ನಿಧಾನವಾಗಿ ಕೆಳಗಿಳಿದವು. ಅವಳು ಕ್ಯಾನಿನ ಕಡೆ ನೋಡಿದಳು. ಆಮೇಲೆ ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಹಿರಿಯರ ನೀರನ್ನು ಚೆಲ್ಲುವುದು ಎಲ್ಲಿಗೆ ಎಂದು ತಿಳಿಯದೆ ಸುತ್ತ ನೋಡಿ, ಕಿಟಕಿಯ ಕುಂಡಕ್ಕೆ ಸುರಿಯಲು ಹೋಗಿ, ಅದಕ್ಕೂ ಬೇಡವೆಂದು ಕೈ ಹಿಂದಕ್ಕೆ ತೆಗೆದು, ಬಟ್ಟಲನ್ನು ಹಿಡಿದುಕೊಂಡು ಹಾಗೆಯೇ ನಿಂತಳು.

ನಾಲ್ಕಕ್ಕೆ ಐದು ನಿಮಿಷವಿತ್ತು. ಕೆಳಗೆ ಸಭೆಗೆ ಬಂದವರ ಕಾರುಗಳ ಸದ್ದು. ಪೆರಿಝಾತ್ ಮುಖ ಒರೆಸಿಕೊಂಡು ಬಾಗಿಲ ಕಡೆ ಹೊರಟಳು. ಸರ್ಬಿನಾಝ್ ಎದ್ದು ನಿಂತಳು.

"ಚಿಕ್ಕತ್ತೆ."

ಪೆರಿಝಾತ್ ನಿಂತಳು.

"ಹಾಗಾದ್ರೆ ಹೋದ್ಸಲ... ನನ್ನಿಂದ ಅಲ್ವಾ?"

ಪಾಲು ಅನ್ನೋದು ನೂರು ಜನರ ಮಾತು. ಒಬ್ಬಳ ವಿಷಯ ಅದು ಏನೂ ಹೇಳುವುದಿಲ್ಲ. ಈ ಹುಡುಗಿಯ ಮಗು ನೀರಿನಿಂದಲೇ ಹೋಯಿತೆಂದು ಯಾವ ತೂಕವೂ, ಯಾವ ಲೆಕ್ಕವೂ ಹೇಳಲಾರದು; ಹತ್ತು ವರ್ಷ ಅವಳು ಎಲ್ಲ ತಾಯಂದಿರಿಗೂ ಹೇಳಿ ಕಳಿಸಿದ್ದು ಅದನ್ನೇ. ಅವರು ತಲೆಯಾಡಿಸಿ ಹೋಗಿದ್ದರು, ಎಲ್ಲಿಗೆ ಹೋದರೋ. ಹುಡುಗಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಅತ್ತೆಯೂ ಬಟ್ಟಲು ಹಿಡಿದುಕೊಂಡೇ ನೋಡುತ್ತಿದ್ದಳು.

"ಅಲ್ಲ ಕಂದ," ಅಂದಳು ಪೆರಿಝಾತ್. "ನಿನ್ನಿಂದ ಅಲ್ಲ."

ಆ ಮಾತನ್ನು ತನಗೆ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ ಎಂಬುದು ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. ಫಾರ್ಮುಗಳನ್ನು ಎದೆಗವಚಿಕೊಂಡು, ಆ ಹೆಸರನ್ನು ಮರೆಯದಂತೆ ಬಾಯಲ್ಲೇ ಹೇಳಿಕೊಳ್ಳುತ್ತಾ ಸಭೆಯ ಕೋಣೆಯ ಕಡೆ ನಡೆದಳು.